ಮೂತ್ರ ಪರೀಕ್ಷೆ: ಗಾಜಿನ ಪಾತ್ರೆಯಿಂದ ಯಂತ್ರದವರೆಗೆ

ಲ್ಯಾಬಿನಿಂದ ಬಂದ ಮೂತ್ರ ಪರೀಕ್ಷೆಯ ವರದಿಯನ್ನು ನಾವು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಯಂತ್ರ ಕೊಟ್ಟ ಅಂಕಿ ತಾನೇ! ಆದರೆ ಆ ಯಂತ್ರವನ್ನು ಪರೀಕ್ಷಿಸುವವರು ಯಾರು? ಲ್ಯಾಬ್ ಟೆಕ್ನಾಲಜಿ ಓದಬೇಕೆಂದಿರುವ ವಿದ್ಯಾರ್ಥಿಗಳು ಈ ಪ್ರಶ್ನೆಯ ಹಿಂದಿನ ಇತಿಹಾಸವನ್ನು ತಿಳಿದಿರಬೇಕು.

ಇಬ್ನು ಸೀನಾರವರು (980–1037) ರಚಿಸಿದ ‘ಅಲ್ ಖಾನೂನ್ ಫಿತ್ತಿಬ್ಬ್’ ಗ್ರಂಥದಲ್ಲಿ ಮೂತ್ರದ ಕುರಿತು ವಿಸ್ತಾರವಾದ ಭಾಗವಿದೆ. ಬಣ್ಣ, ಸಾಂದ್ರತೆ, ತಿಳಿತನ, ಗಸಿ, ಪ್ರಮಾಣ, ವಾಸನೆ, ನೊರೆ ಇವನ್ನೆಲ್ಲ ನೋಡಬೇಕೆಂದು ಅವರು ಹೇಳುತ್ತಾರೆ. ಇದಕ್ಕಿಂತ ಮುಖ್ಯವಾದವು ಅವರು ವಿಧಿಸಿದ ಷರತ್ತುಗಳು. ಬೆಳಗಿನ ಮೂತ್ರವೇ ಆಗಬೇಕು. ರೋಗಿ ಕೇಸರಿಯಂತಹ ಬಣ್ಣ ಬಿಡುವ ಪದಾರ್ಥ ತಿಂದಿರಬಾರದು. ಮೈಗೆ ಹಚ್ಚಿದ ಮದರಂಗಿಯಿಂದಲೂ ಬಣ್ಣ ಬದಲಾಗಬಹುದು. ಬಿಸಿಲು, ಗಾಳಿ ತಾಗದಂತೆ ಇಟ್ಟು, ಪಾರದರ್ಶಕ ಗಾಜಿನ ಪಾತ್ರೆಯಲ್ಲಿ ನೋಡಬೇಕು. ಅವರಿಗಿಂತ ಮೊದಲೇ ಖೈರವಾನ್‌ನ ಯಹೂದಿ ವೈದ್ಯ ಇಸ್‌ಹಾಕ್ ಇಸ್ರಾಈಲಿ ಅರಬಿ ಭಾಷೆಯಲ್ಲಿ ಮೂತ್ರದ ಬಗ್ಗೆ ಒಂದು ಗ್ರಂಥವನ್ನೇ ಬರೆದಿದ್ದರು. ಎರಡೂ ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನಲ್ಲಿ ಪಠ್ಯಗಳಾದವು.

ಇಷ್ಟು ಹೇಳಿ ಹೆಮ್ಮೆಪಟ್ಟು ನಿಲ್ಲಿಸುವುದು ನಮ್ಮ ವಾಡಿಕೆ. ಆದರೆ ಮುಂದಿನ ಕಥೆ ಅಷ್ಟು ಹಿತವಾಗಿಲ್ಲ. ರೋಗಿಯ ಮುಖ ನೋಡದೆ, ಬರೀ ಸೀಸೆ ನೋಡಿ ರೋಗ ಹೇಳುವವರು ಯುರೋಪಿನಲ್ಲಿ ಹುಟ್ಟಿಕೊಂಡರು. ಇಂಗ್ಲೆಂಡಿನ ಥಾಮಸ್ ಬ್ರಯಾನ್ 1637ರಲ್ಲಿ ಇಂಥವರ ಬಣ್ಣ ಬಯಲು ಮಾಡಲೆಂದೇ ಪುಸ್ತಕ ಬರೆದ. ಸೀಸೆ ನೋಡಿ ಹೇಳಿದ್ದನ್ನು ಇನ್ನೊಂದು ವಿಧಾನದಿಂದ ತಾಳೆ ನೋಡುವ ಪದ್ಧತಿ ಇಲ್ಲದಿದ್ದುದೇ ಈ ಅವನತಿಗೆ ಕಾರಣವೆಂದು ನನ್ನ ಅಭಿಪ್ರಾಯ.

ರಸಾಯನಶಾಸ್ತ್ರ ಬಂದ ಮೇಲೆ ತಾಳೆ ನೋಡುವುದು ಸಾಧ್ಯವಾಯಿತು. ಮಧುಮೇಹಿಗಳ ಮೂತ್ರದಲ್ಲಿರುವುದು ಸಕ್ಕರೆಯೆಂದು ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ತೋರಿಸಿದರು. 1956ರಲ್ಲಿ ಸಕ್ಕರೆ ಪತ್ತೆಹಚ್ಚುವ ‘ಕ್ಲಿನಿಸ್ಟಿಕ್ಸ್’ ಪಟ್ಟಿ ಬಂತು. 1980 ಮತ್ತು 90ರ ದಶಕಗಳಲ್ಲಿ ಕಣಗಳ ಚಿತ್ರ ತೆಗೆಯುವ, ಲೇಸರ್ ಬೆಳಕಿನಲ್ಲಿ ಅವನ್ನು ಎಣಿಸುವ ಯಂತ್ರಗಳು ಬಂದವು.

ಹೊಸ ಯಂತ್ರ ಬಂದ ಕೂಡಲೇ ಅದನ್ನು ನಂಬಿಬಿಡಬಾರದು. ಒಂದೇ ಮಾದರಿಯನ್ನು ಹಲವು ಸಲ ಹಾಕಿ ಉತ್ತರ ಒಂದೇ ರೀತಿ ಬರುತ್ತದೆಯೇ ನೋಡಬೇಕು. ರಕ್ತಕಣ ತುಂಬಿದ ಮಾದರಿಯ ಹಿಂದೆಯೇ ಕಣಗಳಿಲ್ಲದ ದ್ರವ ಹಾಕಿ, ಮೊದಲಿನದರ ಶೇಷ ಎರಡನೆಯದಕ್ಕೆ ಸೇರುತ್ತಿದೆಯೇ ಎಂದು ಪರೀಕ್ಷಿಸಬೇಕು. ಕೊನೆಗೆ, ಯಂತ್ರದ ಉತ್ತರ ತಿಳಿಯದ ಅನುಭವಿ ತಂತ್ರಜ್ಞರು ಅದೇ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಯೀಸ್ಟ್ ಕಣವನ್ನೋ ಆಕ್ಸಲೇಟ್ ಹರಳನ್ನೋ ಯಂತ್ರ ಕೆಂಪು ರಕ್ತಕಣವೆಂದು ಎಣಿಸಿಬಿಡುವುದುಂಟು. ರಕ್ತವಿಲ್ಲದಿದ್ದರೂ ಇದೆಯೆಂದು ವರದಿ ಬಂದರೆ ಬಡ ರೋಗಿ ಸ್ಕ್ಯಾನಿಂಗಿಗೆ ಅಲೆಯಬೇಕಾಗುತ್ತದೆ. ಇದ್ದದ್ದನ್ನು ಇಲ್ಲವೆಂದರೆ ಮೂತ್ರಪಿಂಡದ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಹಳೆಯ ಷರತ್ತುಗಳೂ ಪೂರ್ತಿ ಹೋಗಿಲ್ಲ. ಹೊರಗಿಟ್ಟ ಮಾದರಿಯನ್ನು ಎರಡು ಗಂಟೆಯೊಳಗೆ ಪರೀಕ್ಷಿಸಬೇಕು. ತಡವಾದರೆ ಕಣಗಳು ಒಡೆದು ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಇಬ್ನು ಸೀನಾರವರು ಕೇಸರಿಯ ಬಗ್ಗೆ ಎಚ್ಚರಿಸಿದ್ದರು. ಇಂದು ವಿಟಮಿನ್ ಸಿ ಮಾತ್ರೆ ಹೆಚ್ಚು ನುಂಗಿದ್ದರೆ ಹಲವು ಬಗೆಯ ಪಟ್ಟಿಗಳು ಸಕ್ಕರೆಯನ್ನೂ ರಕ್ತವನ್ನೂ ತೋರಿಸದೆ ಹೋಗಬಹುದು. ಮಾದರಿ ಕೊಡುವಾಗ ಲ್ಯಾಬಿನವರು ಕೇಳದಿದ್ದರೂ ನೀವೇ ಇದನ್ನು ಹೇಳಿಬಿಡಿ.