ಬೂಷ್ಟಿನ ಜಾಡು ಹಿಡಿದು: ಜಪಾನಿನ ಊಟ, ಪಾನೀಯಗಳ ಇತಿಹಾಸದಲ್ಲಿ ಕೋಜಿ

ಕ್ರಿ.ಶ. 8ನೇ ಶತಮಾನದ ಆರಂಭದಲ್ಲಿ ಜಪಾನಿನ ಅರಸೊತ್ತಿಗೆ ಪ್ರಾಂತಪ್ರಾಂತಗಳಿಂದ ಸ್ಥಳವೃತ್ತಾಂತಗಳನ್ನು ಬರೆಸಿ ತರಿಸಿಕೊಂಡಿತು. ಇವಕ್ಕೆ ‘ಫುದೋಕಿ’ ಎಂದು ಹೆಸರು. ಅವುಗಳಲ್ಲಿ ಹರಿಮಾ ಪ್ರಾಂತದ ವೃತ್ತಾಂತ ಒಂದು ಸಣ್ಣ ಸಂಗತಿಯನ್ನು ದಾಖಲಿಸಿದೆ. ದೇವರ ಬುತ್ತಿಯ ಒಣ ಅನ್ನ ನೀರಿಗೆ ನೆನೆದು ಬೂಷ್ಟು ಹಿಡಿಯಿತು. ಜನ ಅದನ್ನು ಚೆಲ್ಲಲಿಲ್ಲ. ಅದರಿಂದಲೇ ಮದ್ಯ ಮಾಡಿ ದೇವರಿಗೆ ಒಪ್ಪಿಸಿ ಹಬ್ಬ ಆಚರಿಸಿದರು. ಜಪಾನಿನ ಅಡುಗೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೀನಿನಿಂದ, ಕಡಲಕಳೆಯಿಂದ, ಸುಶಿಯಿಂದ ಶುರುಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಆರಂಭದ ಬಿಂದು ಈ ಬೂಷ್ಟು ಹಿಡಿದ ಅನ್ನ. ಸೋಯಾ ಅವರೆಯ ಹೆಪ್ಪುಹಿಟ್ಟು ಮಿಸೊ, ಸೋಯಾ ರಸ ಶೋಯು, ಅಕ್ಕಿಮದ್ಯ ಸಾಕೆ, ಅಡುಗೆಯ ಸಿಹಿಮದ್ಯ ಮಿರಿನ್, ಸಿಹಿ ಪಾನೀಯ ಅಮಜಾಕೆ, ಭಟ್ಟಿ ಇಳಿಸಿದ ಮದ್ಯಗಳಾದ ಶೋಚು, ಅವಮೊರಿ ಎಲ್ಲವೂ ಒಂದೇ ಬಳಗದ ಬೂಷ್ಟಿನ ಕೆಲಸ. ಆ ನಾಡಿನ ಊಟದ ವೈವಿಧ್ಯವೆಂದರೆ ಬಹುಮಟ್ಟಿಗೆ ಒಂದು ಬೂಷ್ಟನ್ನು ಬೇರೆ ಬೇರೆ ಹವೆಗೆ, ಬೇರೆ ಬೇರೆ ಧಾನ್ಯಕ್ಕೆ ಒಗ್ಗಿಸಿದ ವೈವಿಧ್ಯ.

ಬೂಷ್ಟು ಬೆಳೆದ ಧಾನ್ಯಕ್ಕೆ ಜಪಾನೀಯರು ‘ಕೋಜಿ’ ಎನ್ನುತ್ತಾರೆ. ವಿಜ್ಞಾನ ಈ ಶಿಲೀಂಧ್ರವನ್ನು ಆಸ್ಪರ್ಜಿಲಸ್ ಒರೈಜೆ ಎಂದು ಕರೆಯುತ್ತದೆ. ಒರೈಜೆ ಎಂದರೆ ಭತ್ತಕ್ಕೆ ಸೇರಿದ್ದು. ಇದರ ಹತ್ತಿರದ ಬಂಧು ಆಸ್ಪರ್ಜಿಲಸ್ ಫ್ಲೇವಸ್ ನಮ್ಮ ಶೇಂಗಾ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಒದ್ದೆ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ವಿಷ ತುಂಬುವುದು ಅದೇ. ಕೋಜಿಯಲ್ಲಿ ಆ ವಿಷ ಹುಟ್ಟುವುದಿಲ್ಲ. ತೋಳದ ವಂಶದಿಂದ ನಾಯಿಯನ್ನು ಪಳಗಿಸಿದಂತೆ ಕಣ್ಣಿಗೆ ಸರಿಯಾಗಿ ಕಾಣದ ಜೀವಿಯೊಂದನ್ನು ತಲೆಮಾರುಗಳ ಆಯ್ಕೆಯಿಂದ ಪಳಗಿಸಿದ ಕಥೆ ಇದು. ಧಾನ್ಯದಲ್ಲಿ ಬೂಷ್ಟು ಬೆಳೆಸುವ ವಿದ್ಯೆ ಮೊದಲು ಬಲಿತದ್ದು ಚೀನಾದಲ್ಲಿ, ನಿಜ. ಆದರೆ ಅಲ್ಲಿ ಹೆಚ್ಚಾಗಿ ಗೋಧಿ ಹಿಟ್ಟಿನ ಇಟ್ಟಿಗೆಗಳಲ್ಲಿ ಹಲವು ಬಗೆಯ ಬೂಷ್ಟುಗಳನ್ನು ಒಟ್ಟಿಗೆ ಬೆಳೆಸಿದರೆ, ಜಪಾನೀಯರು ಬಿಡಿಬಿಡಿ ಅಕ್ಕಿಕಾಳಿನ ಮೇಲೆ ಒಂದೇ ಬಗೆಯದನ್ನು ಹಬ್ಬಿಸಿದರು. ಅದನ್ನು ಬರೆಯಲು ಅಕ್ಕಿ ಮತ್ತು ಹೂವಿನ ಚಿಹ್ನೆಗಳನ್ನು ಸೇರಿಸಿ ತಮ್ಮದೇ ಅಕ್ಷರವನ್ನೂ ಕಟ್ಟಿಕೊಂಡರು.

ಇಲ್ಲಿ ನಮ್ಮದೊಂದು ಮಾತು ನೆನಪಾಗುತ್ತದೆ. ಕನ್ನಡ ವಿಜ್ಞಾನ ಪಠ್ಯಗಳಲ್ಲಿ ಎನ್‌ಜೈಮ್‌ಗೆ ನಾವು ಬಳಸುವ ‘ಕಿಣ್ವ’ ಮೂಲದಲ್ಲಿ ಮದ್ಯಕ್ಕೆ ಹಾಕುವ ಹೆಪ್ಪಿನ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉದ್ದು, ಅಕ್ಕಿಗಳಿಂದ ಕಿಣ್ವ ಕಟ್ಟುವ ಕ್ರಮವಿದೆ. ಕೋಜಿ ಮಾಡುವ ಕೆಲಸಕ್ಕೆ ಎರಡೂ ಅರ್ಥಗಳು ಹೊಂದುತ್ತವೆ. ಅದು ಹೆಪ್ಪೂ ಹೌದು, ಕಿಣ್ವಗಳ ಗಣಿಯೂ ಹೌದು. ಅದರ ಒಂದು ಬಗೆಯ ಕಿಣ್ವ ಪಿಷ್ಟವನ್ನು ಒಡೆದು ಸಿಹಿ ಮಾಡುತ್ತದೆ, ಇನ್ನೊಂದು ಪ್ರೋಟೀನನ್ನು ಒಡೆದು ಅಮೈನೊ ಆಮ್ಲಗಳ ರುಚಿ ಹೊರತೆಗೆಯುತ್ತದೆ. ಅಕ್ಕಿಯ ಸಾಕೆ, ಸೋಯಾ ಅವರೆಯ ಮಿಸೊ ಎರಡಕ್ಕೂ ಇದೇ ಒದಗುವುದು ಆ ಕಾರಣಕ್ಕೆ.

ಕೋಜಿ ಮಾಡುವುದನ್ನು ಹತ್ತಿರದಿಂದ ನೋಡಿದರೆ ಅದು ಎರಡು ರಾತ್ರಿಯ ಬಾಣಂತನದಂತಿದೆ. ಅಕ್ಕಿಯನ್ನು ನೆನೆಸಿ ಹಬೆಯಲ್ಲಿ ಬೇಯಿಸುತ್ತಾರೆ. ನೀರಿನಲ್ಲಿ ಕುದಿಸಿದರೆ ಮುದ್ದೆಯಾಗಿ ಕೆಡುತ್ತದೆ. ಕಾಳಿನ ಹೊರಮೈ ಬಿಗಿಯಾಗಿ, ಒಳಗು ಮೆತ್ತಗಿರಬೇಕು. ಸುಮಾರು 30 ಡಿಗ್ರಿ ಬೆಚ್ಚಗಿನ ಕೋಣೆಯಲ್ಲಿ ಅದನ್ನು ಹರಡಿ, ಹಸಿರು ಪುಡಿಯಂಥ ಬೀಜಕಣಗಳನ್ನು ತೆಳುವಾಗಿ ಉದುರಿಸಿ, ಬಟ್ಟೆ ಹೊದಿಸುತ್ತಾರೆ. ಬೂಷ್ಟು ಬೇರೂರಿದಂತೆ ಅಕ್ಕಿ ತಾನೇ ಬಿಸಿಯೇರುತ್ತದೆ. ಅತಿಯಾದರೆ ಬೂಷ್ಟು ತನ್ನ ಕಾವಿಗೆ ತಾನೇ ಸಾಯುತ್ತದೆ. ಹಾಗಾಗಿ ನಡುರಾತ್ರಿಯಲ್ಲೂ ಎದ್ದು ಗಂಟು ಒಡೆಯಬೇಕು, ಕೈಯಾಡಿಸಬೇಕು, ಸುಗಿ (ಜಪಾನಿ ದೇವದಾರು) ಮರದ ಹಲಗೆತಟ್ಟೆಗಳಿಗೆ ಹಂಚಬೇಕು. ಎರಡನೆಯ ದಿನದ ಕೊನೆಗೆ ಕಾಳಿನ ಮೇಲೆ ಬಿಳಿ ನವಿರು ಮೂಡಿ, ಸುಟ್ಟ ಚೆಸ್ಟ್‌ನಟ್‌ನ ಘಮ ಬಂದರೆ ಹದವಾಯಿತೆಂದು ಅರ್ಥ.

ಇಷ್ಟು ಬೆಲೆಬಾಳುವ ವಸ್ತುವಿನ ಸುತ್ತ ಅಧಿಕಾರದ ಜಗಳ ಹುಟ್ಟದಿದ್ದರೆ ಆಶ್ಚರ್ಯ. ಕ್ಯೋಟೊದಲ್ಲಿ ಕೋಜಿ ತಯಾರಿಸುವ ಹಕ್ಕು ಕಿತಾನೊ ದೇಗುಲಕ್ಕೆ ಸೇರಿದ ಸಂಘದ ಕೈಯಲ್ಲಿತ್ತು. 1419ರಲ್ಲಿ ಸೇನಾಡಳಿತದ ಮುಖ್ಯಸ್ಥ ಶೋಗನ್ ಅಶಿಕಾಗಾ ಯೊಶಿಮೋಚಿ ಅದನ್ನು ಏಕಸ್ವಾಮ್ಯವಾಗಿ ಗಟ್ಟಿಮಾಡಿದ. ಮದ್ಯ ತಯಾರಕರು ತಮ್ಮ ಕೋಜಿಯನ್ನು ತಾವೇ ಮಾಡುವಂತಿರಲಿಲ್ಲ. ಅವರು ಹಿಯೆಯಿ ಬೆಟ್ಟದ ಎನ್ರ್ಯಾಕುಜಿ ಮಠದ ಬೆಂಬಲ ಪಡೆದರು. 1444ರಲ್ಲಿ ಶೋಗನ್ ಆಡಳಿತ ಮಠಕ್ಕೆ ಮಣಿದಾಗ ಸಂಘದವರು ದೇಗುಲದೊಳಗೆ ಸೇರಿ ಪ್ರತಿಭಟಿಸಿದರು. ಸೈನ್ಯ ಬಂತು, ದೇಗುಲ ಸುಟ್ಟುಹೋಯಿತು. ಇತಿಹಾಸದಲ್ಲಿ ಇದು ಬುನಾನ್ ಕೋಜಿ ದಂಗೆ. ಆಹಾರಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ. ಕೋಜಿ ಕೆಲಸ ಮದ್ಯದ ಮನೆಯೊಳಗೇ ಬಂದು ನೆಲೆಸಿದ್ದು ಈ ಬೆಂಕಿಯ ನಂತರ. ಬೀಜಕಣಗಳನ್ನು ಮಾತ್ರ ಬೇರೆ ಮನೆತನಗಳು ಮಾರುತ್ತ ಬಂದವು. ಅನ್ನಕ್ಕೆ ಮರದ ಬೂದಿ ಬೆರೆಸಿದರೆ ಕ್ಷಾರಕ್ಕೆ ಬೇರೆ ಸೂಕ್ಷ್ಮಜೀವಿಗಳು ಅಡಗಿ, ಕೋಜಿ ಮಾತ್ರ ಹುಲುಸಾಗಿ ಬೀಜ ಕಟ್ಟುತ್ತದೆಂದು ಅವರು ಕಂಡುಕೊಂಡಿದ್ದರು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಶುದ್ಧ ತಳಿ ಕಾಯ್ದ ಈ ಬುದ್ಧಿ ಅಚ್ಚರಿಯದು.

ಸೋಯಾ ಅವರೆಯ ಕಡೆಗೆ ತಿರುಗೋಣ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ. ಬೌದ್ಧ ಮಠಗಳ ಅಡುಗೆಮನೆಗಳಲ್ಲಿ ಅವರೆಯ ಹೆಪ್ಪುಗಳು ಮಾಂಸದ ರುಚಿಯ ಜಾಗವನ್ನು ತುಂಬಿದವು. 13ನೇ ಶತಮಾನದಲ್ಲಿ ಚೀನಾದಿಂದ ಮರಳಿದ ಕಾಕುಶಿನ್ ಎಂಬ ಭಿಕ್ಷು ಕಲಿತು ತಂದ ಮಿಸೊದ ತಳದಲ್ಲಿ ನಿಂತ ರಸವೇ ಶೋಯುವಿನ ಮೂಲವೆಂದು ವಕಯಾಮಾದ ಯುಆಸಾ ಊರಿನ ಪರಂಪರೆ ಹೇಳುತ್ತದೆ. ಎದೊ (ಇಂದಿನ ಟೋಕಿಯೊ) ನಗರ ಬೆಳೆದಾಗ ನದಿ ಸಾಗಣೆಯಿದ್ದ ನೋದಾ, ಚೋಶಿಗಳಲ್ಲಿ ಗಾಢ ಶೋಯು ಬೆಳೆಯಿತು. ಪಶ್ಚಿಮದ ತತ್ಸುನೊದಲ್ಲಿ ಬಣ್ಣ ತಿಳಿಯಾದ, ಉಪ್ಪು ಹೆಚ್ಚಾದ ಬಗೆ ಉಳಿಯಿತು. 17ನೇ ಶತಮಾನದಲ್ಲಿ ಡಚ್ಚರು ನಾಗಸಾಕಿಯಿಂದ ಶೋಯುವನ್ನು ಏಷ್ಯಾದ ತಮ್ಮ ಕೋಠಿಗಳಿಗೆ ಹಡಗಿನಲ್ಲಿ ಸಾಗಿಸುತ್ತಿದ್ದರು. ‘ಸೋಯಾ’ ಎಂಬ ಮಾತೇ ಶೋಯುವಿನಿಂದ ಬಂದದ್ದು.

ಮಿಸೊದ ಎರಡು ತುದಿಗಳನ್ನು ಹೇಳಿದರೆ ನಡುವಿನ ಹರವು ತಿಳಿಯುತ್ತದೆ. ಕ್ಯೋಟೊದ ಬಿಳಿ ಮಿಸೊದಲ್ಲಿ ಅಕ್ಕಿ ಕೋಜಿ ಹೆಚ್ಚು, ಉಪ್ಪು ಕಡಿಮೆ. ಕೆಲವೇ ವಾರಗಳಲ್ಲಿ ಸಿದ್ಧವಾಗುವ ಅದು ಸಿಹಿ. ಒಕಝಾಕಿಯ ಹಾಚೊ ಮಿಸೊದಲ್ಲಿ ಅಕ್ಕಿಯೇ ಇಲ್ಲ. ಬರೀ ಅವರೆ, ಉಪ್ಪು, ನೀರು. ಆಳೆತ್ತರ ಮೀರಿದ ಮರದ ಹಂಡೆಗೆ ಸುಮಾರು 6 ಟನ್ ಮಿಸೊ ತುಂಬಿ, ಮೇಲೆ ಸುಮಾರು 3 ಟನ್ ಹೊಳೆಗಲ್ಲುಗಳನ್ನು ಗೋಪುರದಂತೆ ಕೈಯಿಂದಲೇ ಜೋಡಿಸುತ್ತಾರೆ. ಎರಡು ಬೇಸಿಗೆ, ಎರಡು ಚಳಿಗಾಲ ಕಳೆದ ಮೇಲೆ ಕಲ್ಲು ಇಳಿಸುತ್ತಾರೆ. 2017ರಲ್ಲಿ ಜಪಾನ್ ಸರ್ಕಾರ ಈ ಹೆಸರಿಗೆ ಕೊಟ್ಟ ಭೌಗೋಳಿಕ ಸೂಚಕ ಇಡೀ ಐಚಿ ಪ್ರಾಂತಕ್ಕೆ ಅನ್ವಯಿಸಿ, ಒಕಝಾಕಿಯ ಎರಡು ಹಳೆಯ ಮಿಸೊ ಮನೆಗಳೇ ಅದರ ಹೊರಗೆ ಉಳಿದವು. ಒಕಝಾಕಿ ಕೋಟೆಯಿಂದ ಎಂಟು ಚೊ (ಹಾಚೊ), ಅಂದರೆ ಸುಮಾರು 870 ಮೀಟರ್ ದೂರದ ಬೀದಿಯಿಂದ ಬಂದ ಹೆಸರನ್ನು ಹೀಗೆ ಹಿಗ್ಗಿಸಿದ್ದು ಸರಿಯಲ್ಲ.

ಸಾಕೆಯಲ್ಲಿ ಕೋಜಿ ಪಿಷ್ಟವನ್ನು ಸಿಹಿಯಾಗಿಸುವುದೂ ಯೀಸ್ಟ್ ಆ ಸಿಹಿಯನ್ನು ಮದ್ಯವಾಗಿಸುವುದೂ ಒಂದೇ ಹಂಡೆಯಲ್ಲಿ, ಒಂದೇ ಕಾಲಕ್ಕೆ ನಡೆಯುತ್ತವೆ. ಭಟ್ಟಿ ಇಳಿಸದೆಯೇ ಮದ್ಯಸಾರ ಶೇ. 20ರ ಹತ್ತಿರ ಹೋಗುವುದು ಈ ಜೋಡಿ ಕೆಲಸದಿಂದ. 1881ರಲ್ಲಿ ಸಾಕೆಯ ರಸಾಯನವನ್ನು ಕುರಿತು ಗ್ರಂಥ ಬರೆದ ಬ್ರಿಟಿಷ್ ವಿಜ್ಞಾನಿ ಆರ್. ಡಬ್ಲ್ಯು. ಅಟ್ಕಿನ್ಸನ್, ಪಾಶ್ಚರನಿಗಿಂತ ಶತಮಾನಗಳ ಮೊದಲೇ ಇವರು ಮದ್ಯವನ್ನು ಹದವಾಗಿ ಬಿಸಿಮಾಡಿ ಕೆಡದಂತೆ ಕಾಯುತ್ತಿದ್ದುದನ್ನು ಗುರುತಿಸಿದ. 1894ರಲ್ಲಿ ತಕಾಮಿನೆ ಜೋಕಿಚಿ ಕೋಜಿಯಿಂದಲೇ ಜೀರ್ಣಕಾರಿ ಕಿಣ್ವದ ಔಷಧ ತೆಗೆದು ಅಮೆರಿಕದಲ್ಲಿ ಪೇಟೆಂಟ್ ಪಡೆದ. ಯುನೆಸ್ಕೊ 2013ರಲ್ಲಿ ಜಪಾನಿನ ಸಾಂಪ್ರದಾಯಿಕ ಊಟವನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಕೋಜಿಯಿಂದ ಮದ್ಯ ಮಾಡುವ ವಿದ್ಯೆ ಅದಕ್ಕೆ ಸೇರಿದ್ದು 2024ರಲ್ಲಿ.

ದಕ್ಷಿಣದ ಬಿಸಿ ನೆಲದಲ್ಲಿ ಹಳದಿ ಕೋಜಿಯ, ಅಂದರೆ ಇದುವರೆಗೆ ಹೇಳಿದ ಬಗೆಯ, ಹದ ಸುಲಭವಾಗಿ ಕೆಡುತ್ತದೆ. ಒಕಿನಾವಾದ ಕಪ್ಪು ಕೋಜಿ ಸಿಟ್ರಿಕ್ ಆಮ್ಲ ಸುರಿಸಿ ಕೊಳೆಸುವ ಜೀವಿಗಳನ್ನು ತಡೆಯುತ್ತದೆ. ಅದರಿಂದ ಮಾಡಿ ಭಟ್ಟಿ ಇಳಿಸಿದ್ದೇ ಅವಮೊರಿ. ಕಾಗೊಶಿಮಾದ ಜ್ವಾಲಾಮುಖಿ ಮಣ್ಣಿಗೆ ಭತ್ತಕ್ಕಿಂತ ಗೆಣಸು ಒಗ್ಗಿದ್ದರಿಂದ ಅಲ್ಲಿ ಗೆಣಸಿನ ಶೋಚು ಬಂತು. ಗೆಣಸು ಬರುವ ಮೊದಲೂ ಶೋಚು ಇತ್ತೆನ್ನಲು ಒಳ್ಳೆಯ ಸಾಕ್ಷಿಯಿದೆ. 1559ರಲ್ಲಿ ಅಲ್ಲಿನ ಕೋರಿಯಾಮಾ ಹಾಚಿಮನ್ ಗುಡಿಯ ಕೆಲಸ ಮಾಡಿದ ಬಡಗಿಗಳು, ಇಲ್ಲಿನ ಯಜಮಾನ ಜಿಪುಣ, ಒಂದು ಸಲವೂ ಶೋಚು ಕುಡಿಸಲಿಲ್ಲ ಎಂಬ ದೂರನ್ನು ಮರದ ಮೇಲೆ ಬರೆದಿಟ್ಟರು. ಪಾನೀಯದ ಹೆಸರಿನ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು.

1945ರ ಒಕಿನಾವಾ ಯುದ್ಧದಲ್ಲಿ ಶುರಿ ಪಟ್ಟಣದ ಭಟ್ಟಿಗಳು, ಶತಮಾನ ಕಂಡ ಹಳೆಯ ಅವಮೊರಿಯ ಗಡಿಗೆಗಳು, ಅವುಗಳೊಂದಿಗೆ ಬೂಷ್ಟಿನ ತಳಿಗಳು ನಾಶವಾದವು. ಅದಕ್ಕೆ ಹತ್ತು ವರ್ಷ ಮೊದಲು, 1935ರಲ್ಲಿ, ಸಕಗುಚಿ ಕಿನ್‌ಇಚಿರೊ ಎಂಬ ವಿಜ್ಞಾನಿ ಅಲ್ಲಿನ ಭಟ್ಟಿಗಳಿಂದ ಕಪ್ಪು ಕೋಜಿಯ ಮಾದರಿಗಳನ್ನು ಸಂಗ್ರಹಿಸಿದ್ದರು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಅವು ಜೀವಂತವಾಗಿ ಉಳಿದಿರುವುದು 1998ರಲ್ಲಿ ತಿಳಿಯಿತು. ಮರುವರ್ಷ ಶುರಿಯ ಜುಯಿಸೆನ್ ಭಟ್ಟಿಮನೆ ತನ್ನದೇ ಹಳೆಯ ಬೂಷ್ಟಿನಿಂದ ಮತ್ತೆ ಅವಮೊರಿ ಇಳಿಸಿತು.