ನಮ್ಮ ಕರಾವಳಿಯಲ್ಲಿ ಇಂಗ್ಲಿಷ್ ಓದು-ಬರಹ: ಒಂದು ಹಿನ್ನೋಟ

ಶಾಲೆಗಳು ತೆರೆಯುವ ಹೊತ್ತಿಗೆ ಪ್ರತಿ ವರ್ಷವೂ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ. “ಉರ್ದು ಶಾಲೆಗೆ ಹಾಕಿದರೆ ನಮ್ಮ ಮಗುವಿಗೆ ಇಂಗ್ಲಿಷ್ ಬರುತ್ತದೆಯೇ?” ಕನ್ನಡ ಶಾಲೆಯ ಬಾಗಿಲಲ್ಲಿಯೂ ಇದೇ ಪ್ರಶ್ನೆ. ಇದು ಇಂದಿನ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ. ಆದರೆ ಇತಿಹಾಸದ ಪುಟಗಳನ್ನು ತಿರುವಿ ನೋಡಿದರೆ ನಮ್ಮ ಹಿರಿಯರು ನೂರೈವತ್ತು ವರ್ಷಗಳಿಂದ ಇದನ್ನೇ ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತ ಬಂದಿದ್ದಾರೆ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳಾದ್ದರಿಂದ ಈ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರವನ್ನು ಓದುಗರ ಮುಂದಿಡುವ ಪ್ರಯತ್ನ ಇಲ್ಲಿದೆ.

ಕಾರವಾರಕ್ಕೆ ಇಂಗ್ಲಿಷ್ ಬಂದ ದಾರಿ

ಇಂಗ್ಲಿಷರು ಕಾರವಾರಕ್ಕೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಕಾಳುಮೆಣಸು ಮತ್ತು ಬಟ್ಟೆಯ ವ್ಯಾಪಾರಕ್ಕಾಗಿ ಅವರು ಇಲ್ಲಿ ಕೋಠಿ ಕಟ್ಟಿದರು. ಆಗ ಅವರ ಭಾಷೆ ಕಲಿಯುವ ಅಗತ್ಯ ನಮ್ಮ ಜನರಿಗೆ ಬೀಳಲಿಲ್ಲ. ವ್ಯಾಪಾರ ಬಾಯಿ ಮಾತಿನಿಂದ, ದುಭಾಷಿಗಳ ಮೂಲಕ ನಡೆಯುತ್ತಿತ್ತು. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಕೆನರಾ ಪ್ರಾಂತ ಕಂಪನಿಯ ಕೈಗೆ ಹೋಯಿತು. ಅಂದಿನಿಂದ ಇಂಗ್ಲಿಷ್ ವ್ಯಾಪಾರಿಯ ಭಾಷೆಯಾಗಿ ಉಳಿಯದೆ ಸರಕಾರಿ ಕಾಗದದ ಭಾಷೆಯಾಗತೊಡಗಿತು.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಧಾರವಾಡ ಭಾಗದ ಹತ್ತಿಯನ್ನು ಸಾಗಿಸಲು ಕಾರವಾರ ಒಳ್ಳೆಯ ಬಂದರು ಆಗುತ್ತದೆಂದು ಮ್ಯಾಂಚೆಸ್ಟರಿನ ಬಟ್ಟೆ ಗಿರಣಿಯವರು ಹಾಕಿದ ಒತ್ತಾಯವೂ ಇದಕ್ಕೆ ಕಾರಣವಾಗಿತ್ತು. ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಲೆಕ್ಟರ್ ಕಚೇರಿ, ಜಿಲ್ಲಾ ನ್ಯಾಯಾಲಯ, ಬಂದರು ಕಚೇರಿಗಳು ಬಂದವು. ಹತ್ತಿಯ ಕನಸು ಬಹುಕಾಲ ಉಳಿಯಲಿಲ್ಲ. ರೈಲು ಮಾರ್ಗ ಗೋವೆಯ ಮರ್ಮಗೋವಾ ಬಂದರಿಗೆ ಹೋಯಿತು. ಕಾರವಾರಕ್ಕೆ ರೈಲು ಸಿಕ್ಕಿದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ, ಕೊಂಕಣ ರೈಲ್ವೆಯ ಮೂಲಕ. ಆದರೆ ಬಂದ ಕಚೇರಿಗಳು ಉಳಿದವು, ಕಚೇರಿಯ ಜೊತೆಗೆ ಇಂಗ್ಲಿಷ್ ಉಳಿಯಿತು.

ಈ ಕಾರವಾರದ ಜಿಲ್ಲಾ ನ್ಯಾಯಾಧೀಶರಾಗಿದ್ದವರಲ್ಲಿ ಸತ್ಯೇಂದ್ರನಾಥ ಠಾಗೋರರೂ ಒಬ್ಬರು. 1863ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷರ ಜೊತೆ ಇಂಗ್ಲಿಷಿನಲ್ಲಿಯೇ ಸ್ಪರ್ಧಿಸಿ ಐ.ಸಿ.ಎಸ್. ಪರೀಕ್ಷೆ ಗೆದ್ದ ಮೊದಲ ಭಾರತೀಯರು ಅವರು. 1880ರ ದಶಕದ ಆರಂಭದಲ್ಲಿ ಅಣ್ಣನ ಮನೆಗೆ ಬಂದ ರವೀಂದ್ರನಾಥರು ಇಲ್ಲಿನ ಕಡಲ ದಂಡೆಯಲ್ಲಿ ಬಂಗಾಳಿ ಭಾಷೆಯಲ್ಲಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ತಾಯ್ನುಡಿಯಲ್ಲಿ ಬರೆದ ಈ ಕವಿಯೇ ಮುಂದೆ ತಮ್ಮ ಕವಿತೆಗಳನ್ನು ತಾವೇ ಇಂಗ್ಲಿಷಿಗೆ ತಂದು 1912ರಲ್ಲಿ ‘ಗೀತಾಂಜಲಿ’ಯನ್ನು ಪ್ರಕಟಿಸಿದರು. ಮರುವರ್ಷ ನೊಬೆಲ್ ಪ್ರಶಸ್ತಿ ಬಂತು. ತಾಯ್ನುಡಿ ಇಂಗ್ಲಿಷಿಗೆ ಅಡ್ಡಿ ಎನ್ನುವವರಿಗೆ ನಮ್ಮ ಊರಿನ ಕಡಲ ತೀರವೇ ಉತ್ತರ ಹೇಳುತ್ತದೆ.

ತಡವಾಗಿ ಎಚ್ಚೆತ್ತ ಸಮುದಾಯ

1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು. 1837ರ ಕಾಯ್ದೆಯ ನಂತರ ಉತ್ತರ ಭಾರತದ ಕಚೇರಿಗಳಲ್ಲಿ ಪಾರ್ಸಿ ಭಾಷೆಯ ಸ್ಥಾನ ಹೋಯಿತು. ತಲೆಮಾರುಗಳಿಂದ ಪಾರ್ಸಿ ಬರೆದು ಬದುಕಿದ್ದ ಮುನಶಿಗಳು ತಮ್ಮ ಕಣ್ಣೆದುರಿಗೇ ಅನಕ್ಷರಸ್ಥರಂತಾದರು. 1857ರಲ್ಲಿ ಮುಂಬಯಿ, ಮದ್ರಾಸ್, ಕಲ್ಕತ್ತಾ ವಿಶ್ವವಿದ್ಯಾಲಯಗಳು ಸ್ಥಾಪನೆಯಾದರೂ ನಮ್ಮ ಸಮುದಾಯದ ಹುಡುಗರು ಅಲ್ಲಿಗೆ ಹೋದದ್ದು ಬಹಳ ಕಡಿಮೆ. 1882ರ ಹಂಟರ್ ಆಯೋಗ ಮುಸ್ಲಿಮರ ಶಿಕ್ಷಣಕ್ಕಾಗಿ ಪ್ರತ್ಯೇಕ ಶಿಫಾರಸುಗಳನ್ನೇ ಮಾಡಬೇಕಾಯಿತು.

ಎಚ್ಚೆತ್ತವರು ಇರಲಿಲ್ಲವೆಂದಲ್ಲ. ಸರ್ ಸಯ್ಯದ್ ಅಹಮದ್ ಖಾನರು 1875ರಲ್ಲಿ ಅಲೀಗಢದಲ್ಲಿ ಶಾಲೆ ತೆರೆದರು. ಅದಕ್ಕೂ ಒಂದು ವರ್ಷ ಮೊದಲೇ, 1874ರಲ್ಲಿ, ಬದ್ರುದ್ದೀನ್ ತಯ್ಯಬ್‌ಜಿ ಮತ್ತು ಅವರ ಸಂಗಡಿಗರು ಮುಂಬಯಿಯಲ್ಲಿ ಅಂಜುಮನ್-ಎ-ಇಸ್ಲಾಮ್ ಸ್ಥಾಪಿಸಿದರು. ಆಗ ಕಾರವಾರ, ಅಂಕೋಲಾ, ಭಟ್ಕಳ ಎಲ್ಲವೂ ಮುಂಬಯಿ ಪ್ರಾಂತದಲ್ಲಿಯೇ ಇದ್ದವು.

ಇಬ್ಬರು ಡೆಪ್ಯುಟಿಗಳು

ಈ ಕಾಲದ ಇಬ್ಬರು ಮಹನೀಯರನ್ನು ನಮ್ಮ ವಿದ್ಯಾರ್ಥಿಗಳು ಜೊತೆಯಾಗಿ ನೆನೆಯಬೇಕು. ಇಬ್ಬರ ಹೆಸರಿನ ಹಿಂದೆಯೂ ಜನರು ‘ಡೆಪ್ಯುಟಿ’ ಎಂದು ಸೇರಿಸಿದರು.

ಒಬ್ಬರು ಡೆಪ್ಯುಟಿ ನಜೀರ್ ಅಹಮದ್. ಅವರು ದೆಹಲಿ ಕಾಲೇಜಿನಲ್ಲಿ ಓದುವಾಗ ತಂದೆ ಇಂಗ್ಲಿಷ್ ಕಲಿಯಲು ಒಪ್ಪಿಗೆ ಕೊಡಲಿಲ್ಲ. ಅರಬ್ಬಿ, ಪಾರ್ಸಿ, ಉರ್ದು ಓದಿ ಶಿಕ್ಷಣ ಇಲಾಖೆಯ ನೌಕರಿಗೆ ಸೇರಿದ ಮೇಲೆ ಸ್ವಂತ ಪ್ರಯತ್ನದಿಂದ ಇಂಗ್ಲಿಷ್ ಕಲಿತರು. ಭಾರತೀಯ ದಂಡ ಸಂಹಿತೆಯನ್ನು ಉರ್ದುವಿಗೆ ತಂದವರಲ್ಲಿ ಅವರೂ ಒಬ್ಬರು. 1869ರಲ್ಲಿ ‘ಮಿರಾತುಲ್ ಉರೂಸ್’ ಕಾದಂಬರಿ ಬರೆದು ಉರ್ದು ಕಾದಂಬರಿಗೆ ಹಾದಿ ಹಾಕಿಕೊಟ್ಟರು.

ಇನ್ನೊಬ್ಬರು ಡೆಪ್ಯುಟಿ ಚನ್ನಬಸಪ್ಪ. ಮುಂಬಯಿ ಕರ್ನಾಟಕದಲ್ಲಿ ಮರಾಠಿ ಶಾಲೆಗಳೇ ಹೆಚ್ಚಾಗಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು. ಇಂಗ್ಲಿಷನ್ನು ಚೆನ್ನಾಗಿ ಕಲಿತಿದ್ದ ಅವರು ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ಕಥೆಯನ್ನು 1871ರಲ್ಲಿ ಕನ್ನಡಕ್ಕೆ ತಂದರು.

ಇವರಿಬ್ಬರೂ ತಮ್ಮ ಭಾಷೆಯನ್ನು ಬಿಟ್ಟು ಇಂಗ್ಲಿಷ್ ಹಿಡಿದವರಲ್ಲ. ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ನಿಂತು ಇಂಗ್ಲಿಷನ್ನು ಓದಿದರು, ಓದಿದ್ದನ್ನು ತಮ್ಮ ಭಾಷೆಯಲ್ಲಿ ಬರೆದರು. ಈ ಅನುವಾದದ ಅಭ್ಯಾಸವೇ, ಅಂದರೆ ಉರ್ದುವಿನ ತರ್ಜುಮಾ, ಅವರ ಕಾಲದ ಇಂಗ್ಲಿಷ್ ಕಲಿಕೆಯ ಬೆನ್ನೆಲುಬಾಗಿತ್ತು.

ಚೀನಾದಿಂದ ಒಂದು ಪಾಠ

ಕಾರವಾರ ಜಿಲ್ಲಾ ಕೇಂದ್ರವಾದ ಅದೇ 1862ರಲ್ಲಿ ದೂರದ ಪೀಕಿಂಗ್ ನಗರದಲ್ಲಿ, ಇಂದಿನ ಬೀಜಿಂಗಿನಲ್ಲಿ, ಚೀನಾದ ಸರಕಾರ ‘ತುಂಗ್‌ವೆನ್ ಗುವಾನ್’ ಎಂಬ ಶಾಲೆ ತೆರೆಯಿತು. ಕಾರಣ ಕುತೂಹಲದ್ದು. ಯುದ್ಧದಲ್ಲಿ ಸೋತ ಚೀನಾ 1858ರಲ್ಲಿ ಬ್ರಿಟನ್ನಿನ ಜೊತೆ ತಿಯಾನ್‌ಜಿನ್ ಒಪ್ಪಂದ ಮಾಡಿಕೊಂಡಿತ್ತು. ಒಪ್ಪಂದದ ಅರ್ಥದ ಬಗ್ಗೆ ಜಗಳ ಬಂದರೆ ಇಂಗ್ಲಿಷ್ ಪ್ರತಿಯೇ ಪ್ರಮಾಣ ಎಂದು ಅದರಲ್ಲಿ ಬರೆಯಲಾಗಿತ್ತು. ಇಂಗ್ಲಿಷ್ ಓದಲು ಬಾರದ ಸರಕಾರ ತನ್ನದೇ ಸಹಿಯ ಕೆಳಗೆ ಏನಿದೆಯೆಂದು ಪರರ ಬಾಯಿಂದ ಕೇಳಬೇಕಾಗಿತ್ತು. ಆ ಅವಮಾನದಿಂದ ಹುಟ್ಟಿದ್ದು ಈ ಶಾಲೆ. 1872ರಿಂದ ಚೀನಾ 120 ಹುಡುಗರನ್ನು ಅಮೆರಿಕಕ್ಕೆ ಓದಲು ಕಳುಹಿಸಿತು. 1881ರಲ್ಲಿ ಅವರನ್ನು ವಾಪಸು ಕರೆಸಿಕೊಂಡಿತು. ನಮ್ಮಲ್ಲಿದ್ದಂತೆ ಅಲ್ಲಿಯೂ ‘ಪರಭಾಷೆಯಿಂದ ಮಕ್ಕಳು ನಮ್ಮತನ ಕಳೆದುಕೊಳ್ಳುತ್ತಾರೆ’ ಎಂಬ ಭಯವಿತ್ತು.

ಇಂದು ಚೀನಾದ ಹೈಸ್ಕೂಲು ವಿದ್ಯಾರ್ಥಿ ಗಣಿತ, ವಿಜ್ಞಾನ, ಇತಿಹಾಸ ಎಲ್ಲವನ್ನೂ ಸಾಮಾನ್ಯವಾಗಿ ಚೀನೀ ಭಾಷೆಯಲ್ಲಿಯೇ ಓದುತ್ತಾನೆ. ಇಂಗ್ಲಿಷ್ ಒಂದು ವಿಷಯ ಮಾತ್ರ. 1977ರಲ್ಲಿ ಮತ್ತೆ ಆರಂಭವಾದ ಕಾಲೇಜು ಪ್ರವೇಶ ಪರೀಕ್ಷೆ ‘ಗಾವ್‌ಕಾವ್’ನಲ್ಲಿ ಇಂಗ್ಲಿಷ್ ಮುಂದೆ ದೊಡ್ಡ ಸ್ಥಾನ ಪಡೆಯಿತು. 2001ರಿಂದ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ನೀತಿ ಬಂತು. ಅಲ್ಲಿನ ಮಕ್ಕಳು ಬೆಳಿಗ್ಗೆ ಪಾಠ ಶುರುವಾಗುವ ಮೊದಲು ಎಲ್ಲರೂ ಒಟ್ಟಾಗಿ ಗಟ್ಟಿಯಾಗಿ ಓದುತ್ತಾರೆ. ಪರೀಕ್ಷೆಯಲ್ಲಿ ‘ನೀನು ಲೀ ಹುವಾ, ನಿನ್ನ ವಿದೇಶಿ ಗೆಳೆಯನಿಗೆ ಪತ್ರ ಬರೆ’ ಎಂಬ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ ಲೀ ಹುವಾ ಎಂಬ ಕಾಲ್ಪನಿಕ ಹುಡುಗ ಇಡೀ ದೇಶಕ್ಕೆ ಪರಿಚಿತ. ನಮ್ಮ ಎಸ್.ಎಸ್.ಎಲ್.ಸಿ. ಪ್ರಶ್ನೆಪತ್ರಿಕೆಯಲ್ಲಿ ಯಾವುದೋ ಹೆಸರು ಕೊಟ್ಟು ‘ಹೆಡ್‌ಮಾಸ್ಟರರಿಗೆ ಪತ್ರ ಬರೆ’ ಎನ್ನುವುದಿಲ್ಲವೇ, ಹಾಗೆಯೇ. ಅಕ್ಷರ ಅಚ್ಚಿನಂತಿರಬೇಕೆಂದು ಅವರು ದಿನವೂ ಶುದ್ಧಬರಹ ಬರೆಯುತ್ತಾರೆ. ಬರೆದು ಬರೆದು ತಿದ್ದುವುದು ಅವರಿಗೆ ಮೊದಲಿನಿಂದ ರೂಢಿ. ತಮ್ಮ ಲಿಪಿಯ ಸಾವಿರಾರು ಚಿಹ್ನೆಗಳನ್ನು ಅವರು ಹೀಗೆಯೇ ಕಲಿತಿರುತ್ತಾರೆ.

ಇದರ ಎಲ್ಲವೂ ಅನುಕರಣೀಯವಲ್ಲ. ಪರೀಕ್ಷೆಯ ಭಾರ ಅಲ್ಲಿ ಅತಿಯಾಗಿದೆ ಎಂಬುದನ್ನು ಅವರೇ ಒಪ್ಪುತ್ತಾರೆ. ಆದರೆ ಒಂದು ಮಾತು ಸ್ಪಷ್ಟ. ಇಂಗ್ಲಿಷ್ ಕಲಿಯಲು ಶಾಲೆಯ ಮಾಧ್ಯಮವನ್ನೇ ಬದಲಿಸಬೇಕೆಂಬ ನಿಯಮವಿಲ್ಲ. ದಿನನಿತ್ಯದ ಓದು-ಬರಹ ಬೇಕೇ ಬೇಕು.

ನಮ್ಮ ಜಿಲ್ಲೆಯ ಶಾಲೆಗಳು

ಮುಂಬಯಿ ಪ್ರಾಂತದ ಹಳೆಯ ಪದ್ಧತಿಯಲ್ಲಿ ಮಗು ಮೊದಲ ನಾಲ್ಕು ವರ್ಷ ತನ್ನ ಭಾಷೆಯಲ್ಲಿ ಓದಿ, ನಂತರ ಇಂಗ್ಲಿಷ್ ಮೊದಲನೆಯ ಇಯತ್ತೆಗೆ ಹೋಗುತ್ತಿತ್ತು. ಏಳು ಇಯತ್ತೆಗಳ ಕೊನೆಗೆ ಮ್ಯಾಟ್ರಿಕ್. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು ಮುಂಬಯಿಗೆ ಹೋಗಿ ಓದಿ, ‘ಇಂದುಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕರಾಗಿ, 1900ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ, ಹೈಕೋರ್ಟ್ ನ್ಯಾಯಾಧೀಶರೂ ಆದರು.

ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾಯಿತು. ಅದರ ಹೈಸ್ಕೂಲಿನ ಹೆಸರು ಇಸ್ಲಾಮಿಯಾ ಆಂಗ್ಲೋ ಉರ್ದು ಹೈಸ್ಕೂಲ್. ಆ ಹೆಸರನ್ನು ಒಮ್ಮೆ ಗಮನಿಸಿರಿ. ‘ಆಂಗ್ಲೋ’ ಮತ್ತು ‘ಉರ್ದು’ ಎರಡೂ ಪಕ್ಕಪಕ್ಕದಲ್ಲಿವೆ. ಒಂದನ್ನು ಪಡೆಯಲು ಇನ್ನೊಂದನ್ನು ಕೊಡಬೇಕೆಂದು ಆ ಹಿರಿಯರು ತಿಳಿಯಲಿಲ್ಲ. 1980ರಲ್ಲಿ ಅದೇ ಸಂಸ್ಥೆ ಎಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು.

ಅಂಕೋಲೆಯ ಕಥೆ ಇನ್ನೊಂದು ಬಗೆಯದು. ಚುಟುಕು ಬ್ರಹ್ಮ ಎಂದು ಹೆಸರಾದ ಡಾ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಳ್ಳಿಗಳಲ್ಲಿ ಹೈಸ್ಕೂಲುಗಳನ್ನು ತೆರೆದರು. 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಹೈಸ್ಕೂಲಿಗಾಗಿ ಮಗನನ್ನು ಪೇಟೆಯಲ್ಲಿ ಇರಿಸಿ ಓದಿಸಲಾಗದ ರೈತ, ಮೀನುಗಾರರ ಮನೆಗಳಿಗೆ ಇಂಗ್ಲಿಷ್ ಪಾಠಪುಸ್ತಕ ಮೊದಲ ಬಾರಿಗೆ ಬಂದದ್ದು ಇಂಥ ಶಾಲೆಗಳಿಂದ.

ಸ್ವಾತಂತ್ರ್ಯದ ನಂತರ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಮುಂದೂಡಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಹುಕಾಲ ಐದನೆಯ ತರಗತಿಯಿಂದ ಕಲಿಸಲಾಯಿತು. 2007-08ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂತು. 2014ರಲ್ಲಿ ಮಾಧ್ಯಮದ ಆಯ್ಕೆ ಪಾಲಕರದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಎಂಟರಿಂದ ಐದಕ್ಕೆ, ಐದರಿಂದ ಒಂದಕ್ಕೆ ಎಂದು ಸರಕಾರಗಳು ಆರಂಭದ ತರಗತಿಯನ್ನೇ ಚರ್ಚಿಸಿದವು. ಮಗು ದಿನಕ್ಕೆ ಎಷ್ಟು ಸಾಲು ಓದುತ್ತದೆ, ಎಷ್ಟು ಸಾಲು ಸ್ವಂತವಾಗಿ ಬರೆಯುತ್ತದೆ ಎಂಬುದನ್ನು ಕೇಳಿದವರು ಕಡಿಮೆ.

ಓದು ಏಕೆ ಮೊದಲು?

ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞರು 1926ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಪ್ರಶ್ನೆ ಎತ್ತಿದರು. ಬಂಗಾಳದ ಹೆಚ್ಚಿನ ಮಕ್ಕಳು ಕೆಲವೇ ವರ್ಷ ಓದಿ ಶಾಲೆ ಬಿಡುತ್ತಾರೆ. ವಿಮಾ ಪಾಲಿಸಿಯನ್ನು ನಡುವೆ ಬಿಟ್ಟರೂ ಸ್ವಲ್ಪ ಹಣ ಕೈಗೆ ಬರುವಂತೆ, ಶಾಲೆಯನ್ನು ನಡುವೆ ಬಿಟ್ಟ ಮಗುವಿನ ಕೈಗೂ ಇಂಗ್ಲಿಷಿನ ಏನಾದರೂ ಉಳಿಯಬೇಡವೇ? ಉಳಿಯುವುದು ಓದು ಎಂದು ಅವರು ವಾದಿಸಿದರು. ಸುಲಭ ಶಬ್ದಗಳ ಕಥೆಪುಸ್ತಕಗಳನ್ನು ತಾವೇ ತಯಾರಿಸಿದರು. ಅದೇ ಕಾಲಕ್ಕೆ ಸೇರಿದ ಇನ್ನೊಂದು ಪುಸ್ತಕ ನಮ್ಮ ಅನೇಕ ಮನೆಗಳ ಕಪಾಟಿನಲ್ಲಿ ಇಂದಿಗೂ ಇದೆ. ಅದು 1930ರ ದಶಕದ ರೆನ್ ಮತ್ತು ಮಾರ್ಟಿನ್ ವ್ಯಾಕರಣ. ಈ ರೆನ್ ಅವರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಇದ್ದವರು, ಕರಾಚಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದವರು. ವ್ಯಾಕರಣ ಬೇಕು. ಆದರೆ ಕಥೆ ಓದದೆ ವ್ಯಾಕರಣ ಮಾತ್ರ ಕಲಿತವನು ದಡದಲ್ಲಿ ನಿಂತು ಈಜು ಕಲಿತವನಂತೆ.

ನಮ್ಮ ಮಕ್ಕಳ ಕೈಯಲ್ಲಿ ಇರುವ ಬಂಡವಾಳವೂ ಸಣ್ಣದಲ್ಲ. ಮನೆಯಲ್ಲಿ ನವಾಯತಿ, ಕೊಂಕಣಿ ಅಥವಾ ದಖನಿ, ಶಾಲೆಯಲ್ಲಿ ಉರ್ದು ಮತ್ತು ಕನ್ನಡ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಓದುವವನು ಇಡೀ ಶಬ್ದದ ಆಕಾರ ಮತ್ತು ಸಂದರ್ಭ ನೋಡಿ ಗುರುತಿಸಬೇಕು. ಬರೆದಂತೆ ಓದಲಾಗದ ಇಂಗ್ಲಿಷಿಗೂ ಇದೇ ಜಾಣ್ಮೆ ಬೇಕು. ಕನ್ನಡ ನಮಗೆ ಉಚ್ಚಾರದ ಸ್ಪಷ್ಟತೆ ಕೊಡುತ್ತದೆ. ಚೀನೀ ಭಾಷೆಯ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ನಮ್ಮ ಎರಡೂ ಭಾಷೆಗಳಲ್ಲಿ ಬದಲಿಸುತ್ತದೆ, ಆದ್ದರಿಂದ ಭೂತ, ವರ್ತಮಾನಗಳ ಭೇದ ನಮ್ಮ ಮಗುವಿಗೆ ಹೊಸದಲ್ಲ. ‘ಎ’, ‘ದಿ’ ಎಂಬ ಪುಟ್ಟ ಶಬ್ದಗಳು, ದೊಡ್ಡಕ್ಷರ-ಸಣ್ಣಕ್ಷರಗಳು, ವಾಕ್ಯದ ನಡುವೆ ಬರುವ ಕ್ರಿಯಾಪದ, ಇಂಥವು ಹೊಸವು. ಇವನ್ನು ಬಾಯಿಪಾಠದಿಂದ ಕಲಿಯಲಾಗದು, ಬರೆದು ತಿದ್ದಿಸಿಕೊಂಡರೆ ಮಾತ್ರ ಬರುತ್ತವೆ.

ಇದರ ಅಗತ್ಯ ಎಷ್ಟೆಂಬುದಕ್ಕೆ ನಮ್ಮ ತಾಲೂಕುಗಳೇ ಸಾಕ್ಷಿ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟು ಎದ್ದವು. ಪರಿಹಾರದ ಮೊಕದ್ದಮೆಗಳು ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟಿನವರೆಗೆ ಹೋದವು. ಉನ್ನತ ನ್ಯಾಯಾಲಯಗಳ ತೀರ್ಪಿನ ಭಾಷೆ ಇಂಗ್ಲಿಷ್. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ತರುಣನ ಕರಾರು ಪತ್ರದಲ್ಲಿಯೂ ಅರಬ್ಬಿಯ ಪಕ್ಕದಲ್ಲಿ ಸಾಮಾನ್ಯವಾಗಿ ಇರುವುದು ಇಂಗ್ಲಿಷೇ. ತನ್ನ ಹೊಲದ, ತನ್ನ ಸಂಬಳದ ಕಾಗದವನ್ನು ತಾನೇ ಓದಲಾರದವನು 1858ರ ಚೀನಾದಂತೆ ಪರರ ಬಾಯಿಯನ್ನು ನಂಬಬೇಕಾಗುತ್ತದೆ.

ನಾವು ಮಾಡಬಹುದಾದದ್ದು

ಪಾಲಕರೇ, ಮಗುವನ್ನು ಯಾವ ಮಾಧ್ಯಮಕ್ಕೆ ಹಾಕಬೇಕೆಂಬುದು ನಿಮ್ಮ ಹಕ್ಕು. ಆದರೆ ಹಣ ಕೊಟ್ಟ ಮಾತ್ರಕ್ಕೆ ಇಂಗ್ಲಿಷ್ ಬರುವುದಿಲ್ಲ, ಉರ್ದು ಅಥವಾ ಕನ್ನಡ ಶಾಲೆಗೆ ಹೋದ ಮಾತ್ರಕ್ಕೆ ಅದು ತಪ್ಪುವುದೂ ಇಲ್ಲ. ಮಗುವಿನ ನೋಟ್‌ಬುಕ್ ತೆರೆದು ನೋಡಿರಿ. ಅದರಲ್ಲಿ ಬೋರ್ಡಿನಿಂದ ನಕಲು ಮಾಡಿದ್ದೆಷ್ಟು, ಸ್ವಂತ ವಾಕ್ಯಗಳೆಷ್ಟು ಎಂದು ಎಣಿಸಿರಿ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ, ಮಗುವನ್ನೇ ಕೇಳಿದರೆ ಸಾಕು.

ಶಿಕ್ಷಕ ಬಂಧುಗಳೇ, ವಾರಕ್ಕೊಂದು ತಾಸು ಗ್ರಂಥಾಲಯದ ಬೀಗ ತೆಗೆಯೋಣ. ದಿನಕ್ಕೆ ಐದು ವಾಕ್ಯ ಉಕ್ತಲೇಖನ, ಉರ್ದು ಶಾಲೆಯ ಭಾಷೆಯಲ್ಲಿ ಇಮ್ಲಾ, ಹಳೆಯ ಪದ್ಧತಿಯೆಂದು ಬಿಡುವುದು ಬೇಡ.

ವಿದ್ಯಾರ್ಥಿಗಳೇ, ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿರಿ. ಓದಿದ್ದನ್ನು ನಾಲ್ಕು ಸಾಲು ನಿಮ್ಮ ಭಾಷೆಯಲ್ಲಿ ಬರೆಯಿರಿ, ಮರುದಿನ ಅದನ್ನೇ ಪುಸ್ತಕ ನೋಡದೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ಹೋಲಿಸಿರಿ. ತಪ್ಪುಗಳು ಬರುತ್ತವೆ, ಬರಲಿ. ಆ ತಪ್ಪುಗಳೇ ನಾಳೆಯ ಪಾಠ. ಡೆಪ್ಯುಟಿ ನಜೀರ್ ಅಹಮದರಿಗೆ ಟ್ಯೂಷನ್ ಕ್ಲಾಸ್ ಇರಲಿಲ್ಲ, ಮೊಬೈಲ್ ಇರಲಿಲ್ಲ. ಕಲಿಯುವ ಹಟ ಮತ್ತು ಕೈಯಲ್ಲೊಂದು ಲೇಖನಿ ಇತ್ತು. ಅವೆರಡೂ ಇಂದು ಕಾರವಾರ-ಅಂಕೋಲೆಯ ಬಡ ವಿದ್ಯಾರ್ಥಿಗೂ ಸಿಗುತ್ತವೆ.