ತಾಯಿಚಿಟ್ಟೆಯಲ್ಲಿ ಸಿಗದ ರೋಗ

ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ತರುವ ರೈತರಿಗೆ ಹಾಲುತೊಂಡೆ ರೋಗ ಚೆನ್ನಾಗಿ ಗೊತ್ತು. ರೋಗ ತಗುಲಿದ ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂರುವುದಿಲ್ಲ. ಮೈ ಮಿರುಗಿ ಗೆಣ್ಣುಗೆಣ್ಣಿಗೂ ಊದಿಕೊಳ್ಳುತ್ತದೆ, ತಟ್ಟೆಯ ಅಂಚಿನಲ್ಲಿ ನಿಲ್ಲದೆ ಹರಿದಾಡುತ್ತದೆ. ಚರ್ಮ ಒಡೆದರೆ ಹಾಲಿನಂಥ ರಸ ಸುರಿಯುತ್ತದೆ. ಇದಕ್ಕೆ ವೈರಸ್ ಕಾರಣ ಎಂದು ಈಗ ಸಲೀಸಾಗಿ ಹೇಳುತ್ತೇವೆ. ಅದರ ಗುರುತು ಮೊದಲು ಕಂಡವರು ಯಾರು? ಕಂಡದ್ದೇ ಕಾರಣವೆಂದು ಖಚಿತವಾದದ್ದು ಯಾವಾಗ? ಹಳೆಯ ಬರಹಗಳಲ್ಲಿ ನಾನು ಹುಡುಕಹೊರಟದ್ದು ಇವನ್ನೇ.

ನಮ್ಮ ಸೀಮೆಯ ಜಾಡು ಚನ್ನಪಟ್ಟಣಕ್ಕೆ ಕರೆದೊಯ್ಯುತ್ತದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿಕೊಂಡು, 1914ರ ಸುಮಾರಿಗೆ ಅಲ್ಲಿ ರೇಷ್ಮೆ ಫಾರಂ ತೆರೆಯಿತು. ರೋಗವಿಲ್ಲದ ಮೊಟ್ಟೆ ಒದಗಿಸುವುದು ಅದರ ಉದ್ದೇಶ. ಅದಕ್ಕೆ ಬೇಕಾದ ವಿಧಾನವನ್ನು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1865ರಿಂದ 1870ರ ನಡುವೆ ರೂಪಿಸಿದ್ದರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಂಟುರೋಗ ಎಂಬ ಇನ್ನೊಂದು ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು. ಮಾಗಡಿ ಕಡೆ ಬೆಳೆಯುವ ಮೈಸೂರು ತಳಿಯ ಬಿತ್ತನೆ ಗೂಡಿಗೂ ಈ ಪರೀಕ್ಷೆಯೇ ಕಾವಲು.

ಆದರೆ ಹಾಲುತೊಂಡೆ ಈ ಕಾವಲಿಗೆ ಸಿಗುವುದಿಲ್ಲ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ. ಹಾಲುತೊಂಡೆ ಮುಖ್ಯವಾಗಿ ಸೊಪ್ಪಿನ ಜೊತೆ ಹುಳುವಿನ ಹೊಟ್ಟೆ ಸೇರುತ್ತದೆ. ಹಾಗಾಗಿ ಮೊಟ್ಟೆಯ ಇತಿಹಾಸವನ್ನು ಬಿಟ್ಟು ಹುಳುವಿನ ರಸದ ಇತಿಹಾಸವನ್ನು ಹಿಡಿಯಬೇಕಾಯಿತು.

1856ರಲ್ಲೇ ಇಟಲಿಯ ಮಾಯೆಸ್ಟ್ರಿ ಮತ್ತು ಕೊರ್ನಾಲಿಯಾ ಆ ರಸದಲ್ಲಿ ಹಲವು ಮುಖಗಳ ಹರಳುಗಳನ್ನು ಕಂಡಿದ್ದರು. ಅವು ರೋಗದ ಬೀಜವೋ, ರೋಗ ಉಳಿಸಿಹೋದ ಕಸವೋ ಎಂಬುದು ಬಗೆಹರಿಯಲಿಲ್ಲ. ಹುಳುವಿನ ಹೊಟ್ಟೆಯ ಕ್ಷಾರರಸದಲ್ಲಿ ಹರಳು ಕರಗುತ್ತದೆಂದು ಬೊಲ್ಲೆ ಎಂಬ ಸಂಶೋಧಕರು ತೋರಿಸಿದರು. 1907ರಲ್ಲಿ ಪ್ರೊವಾಜೆಕ್ ಎಂಬ ಇನ್ನೊಬ್ಬ ಸಂಶೋಧಕರು ಹರಳುಗಳನ್ನೆಲ್ಲ ಸೋಸಿ ತೆಗೆದರು. ಉಳಿದ ತಿಳಿರಸವೂ ರೋಗ ತಂದಿತು! ಒಗಟು ಬಿಡಿಸಿದ್ದು 1947ರಲ್ಲಿ ಜರ್ಮನಿಯ ಬೆರ್ಗೋಲ್ಡ್. ಹರಳನ್ನು ಕರಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರೊಳಗೆ ಕಡ್ಡಿಯಾಕಾರದ ವೈರಸ್‌ಗಳಿದ್ದವು. ಹರಳು ಅವುಗಳನ್ನು ಕಾಪಾಡುವ ಪ್ರೋಟೀನಿನ ಪೆಟ್ಟಿಗೆ. ಪೆಟ್ಟಿಗೆಯ ಹೊರಗಿನ ಬಿಡಿ ವೈರಸ್‌ಗಳು ಸೋಸುವಾಗ ತಪ್ಪಿಸಿಕೊಂಡಿದ್ದವು. 1999ರಲ್ಲಿ ಜಪಾನಿನ ಸಂಶೋಧಕರು ಈ ವೈರಸ್ಸಿನ 1,28,413 ಜೋಡಿ ಅಕ್ಷರಗಳ ಡಿಎನ್‌ಎಯನ್ನು ಪೂರ್ತಿ ಓದಿ ಪ್ರಕಟಿಸಿದರು.

ಹರಳು ಕಂಡದ್ದಕ್ಕೂ ಅದರ ಗುಟ್ಟು ತಿಳಿದದ್ದಕ್ಕೂ ನಡುವೆ 91 ವರ್ಷ. ಅಷ್ಟು ಕಾಲದ ದುಡಿಮೆ ಹುಳು ಸಾಕುವವರ ಕೈಗೆ ಕೊಟ್ಟ ತಿಳಿವಳಿಕೆ ದೊಡ್ಡದು. ಒಳ್ಳೆಯ ಮೊಟ್ಟೆ ತಂದರೆ ಅರ್ಧ ಕೆಲಸವಷ್ಟೇ ಮುಗಿಯುತ್ತದೆ. ಹರಳುಗಳು ಹುಳುಮನೆಯ ದೂಳಿನಲ್ಲಿ, ತಟ್ಟೆಯಲ್ಲಿ, ಗೂಡು ಕಟ್ಟಿಸುವ ಚಂದ್ರಿಕೆಯಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು. ಪ್ರತಿ ಬೆಳೆಯ ನಂತರ ಶೇ. 2ರ ಬ್ಲೀಚಿಂಗ್ ಪುಡಿಯನ್ನು ಶೇ. 0.3ರ ಸುಣ್ಣದ ನೀರಿನಲ್ಲಿ ಕಲಸಿ ತೊಳೆಯಿರಿ ಎಂಬ ಸಲಹೆಯ ಹಿಂದಿರುವ ಕಾರಣ ಇದೇ.

ಚಿಟ್ಟೆ ಪರೀಕ್ಷೆಗೆ ಲೆಕ್ಕದ ಪುಸ್ತಕವಿದೆ. ಹುಳುಮನೆಗೂ ಒಂದು ಬೇಕು. ಎಷ್ಟನೇ ಜ್ವರದ ಹೊತ್ತಿಗೆ, ಯಾವ ತಟ್ಟೆಯಲ್ಲಿ ಮೊದಲ ಹುಳು ಸತ್ತಿತೆಂದು ರೈತರು ಬೆಳೆಬೆಳೆಗೂ ಬರೆದಿಡಲಿ. ಕನಕಪುರ ರಸ್ತೆಯ ತಲಘಟ್ಟಪುರದಲ್ಲೇ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ರೋಗ ಎಲ್ಲಿ ಅಡಗಿತ್ತು, ಹೇಗೆ ಹಬ್ಬಿತು ಎಂದು ಅಲ್ಲಿನವರು ಹುಡುಕಲು ಆ ಬರಹವೇ ಮೊದಲ ಆಧಾರವಾಗುತ್ತದೆ.